ಗಾಳಿ ಬೇಡ ಅಂದರೆ ಬೇಡ: ಕೇಪ್‌ಟೌನಿನ ಟೇಬಲ್ ಮೌಂಟನ್ ರೋಪ್‌ವೇ

(ನಮ್ಮೂರ ಗ್ರಂಥಾಲಯದ ಸಂಜೆ ಕಾರ್ಯಕ್ರಮದಲ್ಲಿ ಆಡಿದ ಮಾತುಗಳ ಬರಹ ರೂಪ. ಓದಲು ಅನುಕೂಲವಾಗಲಿ ಅಂತ ಅಲ್ಲಲ್ಲಿ ಸ್ವಲ್ಪ ತಿದ್ದಿದ್ದೇನೆ. ಕೊನೆಯಲ್ಲಿ ಸಭಿಕರು ಕೇಳಿದ ಕೆಲವು ಪ್ರಶ್ನೆಗಳೂ ಇವೆ.)

ಎಲ್ಲರಿಗೂ ನಮಸ್ಕಾರ. ಇವತ್ತಿನ ವಿಷಯ ರೋಪ್‌ವೇ. ನಂದಿ ಬೆಟ್ಟದ್ದಲ್ಲ, ಚಾಮುಂಡಿ ಬೆಟ್ಟದ್ದೂ ಅಲ್ಲ. ಅವುಗಳ ಸುದ್ದಿ ಪೇಪರಿನಲ್ಲಿ ಓದಿ ಓದಿ ನಿಮಗೂ ಸಾಕಾಗಿದೆ, ನನಗೂ ಸಾಕಾಗಿದೆ. ನಾನು ಹೇಳುವುದು ದಕ್ಷಿಣ ಆಫ್ರಿಕಾದ ಕೇಪ್‌ಟೌನಿನಲ್ಲಿರುವ ಟೇಬಲ್ ಮೌಂಟನ್ ರೋಪ್‌ವೇ ಕಥೆ. 1929ರ ಅಕ್ಟೋಬರ್ 4ರಂದು ಶುರುವಾದದ್ದು ಇವತ್ತಿಗೂ ಜನರನ್ನು ಹೊತ್ತು ಮೇಲೆ-ಕೆಳಗೆ ಓಡಾಡುತ್ತಿದೆ.

ರೋಪ್‌ವೇ ಬಗ್ಗೆ ಮಾತು ಬಂದರೆ ಸಾಮಾನ್ಯವಾಗಿ ಜನ ಕೇಳುವುದು ಎಷ್ಟು ಎತ್ತರ, ಎಷ್ಟು ವೇಗ, ಒಂದು ಸಲಕ್ಕೆ ಎಷ್ಟು ಮಂದಿ ಅಂತ. ಅವನ್ನೂ ಹೇಳುತ್ತೇನೆ. ಆದರೆ ಈ ರೋಪ್‌ವೇಯನ್ನು ನಡೆಸುವವರು ಬೆಳಗ್ಗೆ ಎದ್ದು ಮೊದಲು ನೋಡುವುದು ಇದ್ಯಾವುದನ್ನೂ ಅಲ್ಲ. ಅವರಿಗೆ ಬೇಕಾದದ್ದು ಒಂದೇ ಉತ್ತರ: ಇವತ್ತು ಓಡಿಸಬಹುದಾ, ಬೇಡವಾ? ಸಮುದ್ರದ ಪಕ್ಕದ ಬೆಟ್ಟಕ್ಕೆ ಹಗ್ಗ ಕಟ್ಟಿದ ಮೇಲೆ ಯಜಮಾನಿಕೆ ಗಾಳಿಯದ್ದು. ಇಡೀ ಯಂತ್ರವನ್ನು ಆ ಯಜಮಾನನ ಮರ್ಜಿ ನೋಡಿಯೇ ಕಟ್ಟಿದ್ದಾರೆ ಅಂತ ನನಗನಿಸುತ್ತದೆ. ಯಾಕೆ ಅಂತ ನೋಡೋಣ.

ಮೊದಲು ಜಾಗದ ಪರಿಚಯ. ಕೇಪ್‌ಟೌನ್ ಕಡಲತೀರದ ಊರು. ಅದರ ಬೆನ್ನಿಗೇ ಮರಳುಗಲ್ಲಿನ ದೊಡ್ಡ ಬೆಟ್ಟ ಎದ್ದು ನಿಂತಿದೆ. ಮೇಲ್ಭಾಗ ಯಾರೋ ಚಾಕು ಹಾಕಿ ಕುಯ್ದ ಹಾಗೆ ಸಪಾಟು. ಅತಿ ಎತ್ತರದ ಜಾಗ ಸುಮಾರು 1,086 ಮೀಟರ್. ನಮ್ಮ ಪಶ್ಚಿಮ ಘಟ್ಟದ ಲೆಕ್ಕದಲ್ಲಿ ಇದೇನು ದೊಡ್ಡ ಎತ್ತರವಲ್ಲ. ನಮ್ಮ ಕೊಡಚಾದ್ರಿಯೇ 1,343 ಮೀಟರ್ ಇದೆ. ಆದರೆ ಇಲ್ಲಿ ಘಟ್ಟಕ್ಕೂ ಕಡಲಿಗೂ ನಡುವೆ ಬಯಲು ಇದೆ, ಅಲ್ವಾ? ಅಲ್ಲಿ ಆ ಬಯಲೇ ಇಲ್ಲ. ಬೆಟ್ಟದ ಬುಡದಲ್ಲಿ ಊರು, ಊರು ಮುಗಿದರೆ ಸಮುದ್ರ. 1503ರಲ್ಲಿ ಪೋರ್ಚುಗೀಸ್ ನಾವಿಕ ಅಂತೋನಿಯೊ ದ ಸಲ್ಡಾನ್ಯ ತಾನು ಎಲ್ಲಿ ಬಂದು ಸಿಕ್ಕಿಕೊಂಡಿದ್ದೇನೆ ಅಂತ ತಿಳಿಯಲು ಪ್ಲಾಟೆಕ್ಲಿಪ್ ಅನ್ನುವ ಕಂದರದ ದಾರಿಯಲ್ಲಿ ಈ ಬೆಟ್ಟ ಹತ್ತಿದ. ದಾಖಲೆ ಇರುವ ಮೊದಲ ಚಾರಣ ಅದು. ಅಲ್ಲಿನ ಖೋಯ್ ಜನ ಅದಕ್ಕೂ ಎಷ್ಟೋ ಮೊದಲು ಅಲ್ಲಿದ್ದರು. ಅವರು ಬರೆದಿಡಲಿಲ್ಲ, ಅಷ್ಟೇ.

ಈಗ ಗಾಳಿಯ ವಿಷಯ. ಅಲ್ಲಿನ ಬೇಸಿಗೆ ಅಂದರೆ ನಮ್ಮ ನವೆಂಬರ್-ಡಿಸೆಂಬರ್-ಜನವರಿ. ಆಗ ಆಗ್ನೇಯ ದಿಕ್ಕಿನಿಂದ ಬಿರುಸಾದ ಗಾಳಿ ಬೀಸುತ್ತದೆ. ಊರಿನ ಕೊಳಕು ಗಾಳಿಯನ್ನೆಲ್ಲ ಹೊಡೆದುಕೊಂಡು ಹೋಗುತ್ತದೆ ಅಂತ ಅದಕ್ಕೆ 'ಕೇಪ್ ಡಾಕ್ಟರ್' ಅನ್ನುವ ಅಡ್ಡಹೆಸರು. ಈ ಗಾಳಿ ಫಾಲ್ಸ್ ಬೇ ಕೊಲ್ಲಿಯ ಮೇಲಿಂದ ತೇವ ಎತ್ತಿಕೊಂಡು ಬರುತ್ತದೆ. ಬೆಟ್ಟದ ಹಿಂಬದಿಗೆ ಬಡಿದು ಮೇಲೇರುತ್ತದೆ. ಏರಿದಂತೆ ತಣ್ಣಗಾಗಿ ಮೋಡವಾಗುತ್ತದೆ. ಆ ಮೋಡ ಸಪಾಟು ತಲೆಯ ಮೇಲೆ ಹರಡಿ, ಊರಿನ ಕಡೆಯ ಅಂಚಿನಿಂದ ಕೆಳಗೆ ಸುರಿಯುತ್ತದೆ. ಸುರಿಯುವುದು ನೀರಲ್ಲ, ಬರೀ ಮೋಡ. ಸ್ವಲ್ಪ ಕೆಳಗೆ ಬರುತ್ತಿದ್ದಂತೆ ಬಿಸಿಯಾಗಿ ಅಲ್ಲೇ ಮಾಯವಾಗುತ್ತದೆ. ಅದಕ್ಕೆ ಅಲ್ಲಿನವರು 'ಮೇಜಿನ ಬಟ್ಟೆ' ಅನ್ನುತ್ತಾರೆ. ಪಕ್ಕದ ಶಿಖರದಲ್ಲಿ ಸೈತಾನನೂ ವಾನ್ ಹಂಕ್ಸ್ ಅನ್ನುವ ಹಳೇ ಕಡಲ್ಗಳ್ಳನೂ ಕೂತು ಪೈಪು ಸೇದುವ ಪಂದ್ಯ ಕಟ್ಟಿದ್ದಾರೆ, ಈ ಮೋಡ ಅವರ ಹೊಗೆ ಅಂತ ಒಂದು ಕಥೆಯೂ ಇದೆ.

ಇಲ್ಲೊಂದು ಅಡ್ಡ ಮಾತು, ಬಿಡಲಾರೆ. 1750ರ ದಶಕದ ಶುರುವಿನಲ್ಲಿ ಲಕಾಯ್ ಅನ್ನುವ ಫ್ರೆಂಚ್ ಖಗೋಳ ವಿಜ್ಞಾನಿ ಕೇಪ್‌ಟೌನಿನಲ್ಲಿ ಕೂತು ದಕ್ಷಿಣದ ಆಕಾಶದ ನಕ್ಷತ್ರಗಳನ್ನು ಪಟ್ಟಿ ಮಾಡಿದ. ಹೊಸ ನಕ್ಷತ್ರಪುಂಜಗಳಿಗೆ ಹೆಸರಿಡುವಾಗ ಒಂದಕ್ಕೆ ಈ ಬೆಟ್ಟದ ಹೆಸರನ್ನೇ ಇಟ್ಟ. ಈಗ ಅದನ್ನು 'ಮೆನ್ಸಾ' ಅನ್ನುತ್ತಾರೆ, ಲ್ಯಾಟಿನ್ನಿನಲ್ಲಿ ಮೇಜು ಅಂತ ಅರ್ಥ. ಬರಿಗಣ್ಣಿಗೆ ಮೋಡದ ಹಾಗೆ ಕಾಣುವ, 'ದೊಡ್ಡ ಮೆಗಲನ್ ಮೋಡ' ಅನ್ನುವ ಗೆಲಾಕ್ಸಿಯ ಒಂದು ಭಾಗ ಆ ಪುಂಜದೊಳಗೇ ಬರುತ್ತದೆ. ಆಕಾಶದಲ್ಲೂ ಆ ಬೆಟ್ಟಕ್ಕೆ ಮೋಡ ತಪ್ಪಿಲ್ಲ!

ಇಂಥ ಬೆಟ್ಟಕ್ಕೆ ಮೊದಲು ಹಗ್ಗ ಕಟ್ಟಿದ್ದು ಪ್ರವಾಸಿಗರಿಗಾಗಿ ಅಲ್ಲ, ನೀರಿಗಾಗಿ. ಇದು ಬಹಳ ಜನಕ್ಕೆ ಗೊತ್ತಿಲ್ಲ. ಕೇಪ್‌ಟೌನ್ ಊರು ಹುಟ್ಟಿದ್ದೇ ಈ ಬೆಟ್ಟದಿಂದ ಇಳಿಯುವ ಸಿಹಿನೀರಿನ ಹಳ್ಳಗಳ ಹತ್ತಿರ. ಡಚ್ ಈಸ್ಟ್ ಇಂಡಿಯಾ ಕಂಪನಿ 1652ರಲ್ಲಿ ಅಲ್ಲಿ ನೆಲೆ ಮಾಡಿದ್ದು ಹಡಗುಗಳಿಗೆ ನೀರು, ತರಕಾರಿ, ಮಾಂಸ ಸಿಗಲಿ ಅಂತ. ಆ ಕಂಪನಿ ಗುಲಾಮರನ್ನಾಗಿ ತಂದವರಲ್ಲಿ ನಮ್ಮ ಮಲಬಾರ್, ಕೋರಮಂಡಲ, ಬಂಗಾಳ ಕರಾವಳಿಯವರೂ ಇದ್ದರು. ಗುಲಾಮ ಹೆಂಗಸರು ಊರವರ ಬಟ್ಟೆಯ ಗಂಟು ಹೊತ್ತುಕೊಂಡು ಪ್ಲಾಟೆಕ್ಲಿಪ್ ಹಳ್ಳಕ್ಕೆ ಬಂದು ಒಗೆಯುತ್ತಿದ್ದರು. ಇವತ್ತು ಪ್ರವಾಸಿಗರು ಅದೇ ಹಳ್ಳ ದಾಟಿಕೊಂಡು ಚಾರಣ ಹೋಗುತ್ತಾರೆ.

ಹತ್ತೊಂಬತ್ತನೇ ಶತಮಾನದ ಕೊನೆಗೆ ಊರು ಬೆಳೆದು ನೀರು ಸಾಲದಾಯಿತು. ಬೆಟ್ಟದ ತಲೆಯ ಮೇಲೇ ಅಣೆಕಟ್ಟು ಕಟ್ಟುವುದು ಅಂತ ತೀರ್ಮಾನವಾಯಿತು. ವುಡ್‌ಹೆಡ್ ಅಣೆಕಟ್ಟು ಮುಗಿದದ್ದು 1897ರಲ್ಲಿ, ಅದರ ಪಕ್ಕದ ಹೀಲಿ-ಹಚಿನ್ಸನ್ ಅಣೆಕಟ್ಟು 1904ರಲ್ಲಿ. ಸಿಮೆಂಟು, ಸಾಮಾನು, ಆಳುಗಳನ್ನು ಮೇಲೆ ಸಾಗಿಸಲು ಕಾಸ್ಟೀಲ್ಸ್‌ಪೋರ್ಟ್ ಅನ್ನುವ ಕಡೆ ಒಂದು ರೋಪ್‌ವೇ ಹಾಕಿದರು. ಅದರ ಅವಶೇಷ ಈಗಲೂ ಬಂಡೆಯ ಅಂಚಿನಲ್ಲಿದೆ. ಅಣೆಕಟ್ಟಿನ ಪಕ್ಕದ ಪುಟ್ಟ ಮ್ಯೂಸಿಯಂನಲ್ಲಿ ಆ ಕಾಲದ ಒಂದು ಚಿಕ್ಕ ಉಗಿ ರೈಲು ಎಂಜಿನ್ನೂ ಇದೆ. ಬೆಟ್ಟದ ತಲೆಯ ಮೇಲೆ ರೈಲು ಎಂಜಿನ್! ಪ್ರವಾಸಿಗರ ರೋಪ್‌ವೇ ಬರುವ ಮೂವತ್ತು ವರ್ಷ ಮೊದಲೇ ಕೂಲಿಯವರು ಹಗ್ಗಕ್ಕೆ ಜೋತು ಈ ಬೆಟ್ಟ ಹತ್ತಿ ಇಳಿದಿದ್ದರು.

ಸುಮ್ನೆ ಬೆಟ್ಟ ನೋಡಲು ಹೋಗುವವರಿಗಾಗಿ ದಾರಿ ಮಾಡುವ ಮಾತು 1870ರ ದಶಕದಲ್ಲೇ ಇತ್ತು. ಹಲ್ಲಿನ ಹಳಿ ಹಾಕಿ ರೈಲು ಬಿಡುವುದು ಅಂತ. ಅಲ್ಲಿ ಬ್ರಿಟಿಷರಿಗೂ ಡಚ್ ಮೂಲದ ಬೋಯರ್ ಜನಕ್ಕೂ ಆಂಗ್ಲೋ-ಬೋಯರ್ ಯುದ್ಧ ಬಂತು, ಆ ಯೋಜನೆ ನಿಂತಿತು. 1912ರಲ್ಲಿ ಪೀಟರ್ ಅನ್ನುವ ಎಂಜಿನಿಯರ್ ನಗರಸಭೆಗೆ ವರದಿ ಕೊಟ್ಟ. ಪ್ಲಾಟೆಕ್ಲಿಪ್ ಕಂದರದಲ್ಲಿ ಹಗ್ಗದಿಂದ ಎಳೆಯುವ ರೈಲು ಹಾಕಬಹುದು, ಒಂದು ಲಕ್ಷ ಪೌಂಡ್ ಆಗುತ್ತದೆ ಅಂತ. ಊರಿನವರು ಮತ ಹಾಕಿ ಒಪ್ಪಿಯೂ ಬಿಟ್ಟರು. ಮೊದಲ ಮಹಾಯುದ್ಧ ಬಂತು, ಅದೂ ನಿಂತಿತು. ನನಗೆ ಕೇಳಿದರೆ ಒಳ್ಳೆಯದೇ ಆಯಿತು. ಆ ಕಂದರದಲ್ಲಿ ಹಳಿ ಹಾಕಿದ್ದರೆ ಬೆಟ್ಟದ ಮುಖದ ಮೇಲೆ ಉದ್ದಕ್ಕೂ ಗಾಯದ ಗುರುತು ಉಳಿಯುತ್ತಿತ್ತು.

1926ರಲ್ಲಿ ನಾರ್ವೆಯ ಎಂಜಿನಿಯರ್ ಟ್ರಿಗ್ವೆ ಸ್ಟ್ರಾಮ್ಸೋ ಬಂದು ಹಳಿ ಬೇಡ, ಹಗ್ಗ ಸಾಕು ಅಂದ. ಅವನ ಲೆಕ್ಕ ನೋಡಿ ಆಲ್ಫ್ರೆಡ್ ಹೆನೆಸಿ, ವಜ್ರದ ವ್ಯಾಪಾರದ ಅರ್ನೆಸ್ಟ್ ಓಪನ್‌ಹೈಮರ್, ಡೇವಿಡ್ ಗ್ರಾಫ್ ಮುಂತಾದವರು ಸೇರಿ ಕಂಪನಿ ಕಟ್ಟಿದರು. ಜರ್ಮನಿಯ ಲೈಪ್‌ಜಿಗ್‌ನ ಅಡಾಲ್ಫ್ ಬ್ಲೈಕರ್ಟ್ ಕಂಪನಿಗೆ ಕೆಲಸ ಕೊಟ್ಟರು. ಖರ್ಚು ಸುಮಾರು 60,000 ಪೌಂಡ್. ಮೇಲಿನ ನಿಲ್ದಾಣದ ಜಾಗ 1,067 ಮೀಟರ್ ಎತ್ತರದ ಬಂಡೆಯ ತುದಿ. ಅಲ್ಲಿಗೆ ಕಲ್ಲು, ಉಕ್ಕು, ಸಿಮೆಂಟು ಹೋಗಬೇಕು. ಮೊದಲು ಒಂದು ತಾತ್ಕಾಲಿಕ ಹಗ್ಗ ಕಟ್ಟಿ, ಅದಕ್ಕೊಂದು ತೆರೆದ ಪೆಟ್ಟಿಗೆ ನೇತುಹಾಕಿ ಸಾಮಾನನ್ನೂ ಕೆಲಸಗಾರರನ್ನೂ ಸಾಗಿಸಿದರು. ಗೋಡೆ ಇಲ್ಲ, ಚಾವಣಿ ಇಲ್ಲ, ಕೆಳಗೆ ಬರೀ ಪ್ರಪಾತ. ಉದ್ಘಾಟನೆಯ ದಿನ ಮೇಯರ್ ಭಾಷಣ ಮಾಡಿದ್ದು ದಾಖಲಾಗಿದೆ. ಆ ಪೆಟ್ಟಿಗೆಯಲ್ಲಿ ದಿನಾ ಹೋಗಿ ಬಂದವರ ಹೆಸರು ಉಳಿದಿಲ್ಲ.

ಈಗ ಯಂತ್ರದ ವಿಷಯಕ್ಕೆ ಬರೋಣ. ಗುಲ್ಮಾರ್ಗದಲ್ಲಿ ನೀವು ನೋಡಿರುವುದು ಸಾಲಾಗಿ ಸುತ್ತುವ ಸಣ್ಣ ಸಣ್ಣ ಕ್ಯಾಬಿನ್‌ಗಳು. ಟೇಬಲ್ ಮೌಂಟನ್‌ನದ್ದು ಬೇರೆ ಜಾತಿ. ಅಲ್ಲಿರುವುದು ಎರಡೇ ಕ್ಯಾಬಿನ್. ಬಾವಿಯ ರಾಟೆಗೆ ಹಾಕಿದ ಹಗ್ಗದ ಎರಡು ತುದಿಗೆ ಎರಡು ಕೊಡ ಕಟ್ಟಿದ ಹಾಗೆ: ಒಂದು ಇಳಿದರೆ ಇನ್ನೊಂದು ಏರುತ್ತದೆ. ಎರಡೂ ದಾರಿಯ ಸರಿಮಧ್ಯದಲ್ಲಿ ಎದುರಾಗುತ್ತವೆ. ಕ್ಯಾಬಿನ್ನಿನ ಭಾರವನ್ನು ಇನ್ನೊಂದು ಕ್ಯಾಬಿನ್ನಿನ ಭಾರ ಸರಿದೂಗಿಸುವುದರಿಂದ ಮೋಟಾರು ಎತ್ತಬೇಕಾದದ್ದು ಎರಡರ ನಡುವಿನ ವ್ಯತ್ಯಾಸವನ್ನು ಮಾತ್ರ. ಸಂಜೆ ಹೊತ್ತು ಮಜಾ ನೋಡಿ. ಎಲ್ಲರೂ ಇಳಿಯುವವರೇ, ಹತ್ತುವವರು ಯಾರೂ ಇಲ್ಲ. ತುಂಬಿದ ಕ್ಯಾಬಿನ್ ಇಳಿಯುತ್ತಾ ಖಾಲಿ ಕ್ಯಾಬಿನ್ನನ್ನು ಮೇಲೆಳೆಯುತ್ತದೆ. ಆಗ ಮೋಟಾರಿನ ಕೆಲಸ ಎಳೆಯುವುದಲ್ಲ, ಹಿಡಿದು ನಿಧಾನ ಮಾಡುವುದು.

ಹಗ್ಗಗಳಲ್ಲೂ ಎರಡು ಬಗೆ. ಒಂದು ಬಗೆಯದ್ದು ಅಲುಗಾಡದೆ ನಿಂತಿರುತ್ತದೆ, ಕ್ಯಾಬಿನ್ನಿನ ಗಾಲಿಗಳು ಅದರ ಮೇಲೆ ಉರುಳುತ್ತವೆ. ಇನ್ನೊಂದು ಎಳೆಯುವ ಹಗ್ಗ. ನಿಂತ ಹಗ್ಗದ ಉದ್ದ ಸುಮಾರು 1,200 ಮೀಟರ್, ಒಂದೊಂದರ ತೂಕ 18 ಟನ್. ಅದನ್ನು ಬಿಗಿಯಾಗಿ ಹಿಡಿಯಲು 134 ಟನ್ನಿನ ಭಾರ ನೇತುಹಾಕಿದ್ದಾರೆ. ಬಿಸಿಲಿಗೆ ಉಕ್ಕು ಹಿಗ್ಗುತ್ತದೆ, ಚಳಿಗೆ ಕುಗ್ಗುತ್ತದೆ, ಕ್ಯಾಬಿನ್ ಮಧ್ಯಕ್ಕೆ ಬಂದಾಗ ಹಗ್ಗ ಜಗ್ಗುತ್ತದೆ. ತುದಿಗಳನ್ನು ಗಟ್ಟಿಯಾಗಿ ಕಟ್ಟಿಬಿಟ್ಟರೆ ಬಿಗಿತ ದಿನಕ್ಕೊಂದು ಥರ ಆಗುತ್ತಿತ್ತು. ನೇತಾಡುವ ಭಾರ ತಾನೇ ಸ್ವಲ್ಪ ಏರಿ ಇಳಿದು ಬಿಗಿತವನ್ನು ಒಂದೇ ಸಮ ಇಡುತ್ತದೆ. ಕಂಪ್ಯೂಟರ್ ಇಲ್ಲದ ಕಾಲದ ಜಾಣತನ ಇದು. ಇನ್ನೊಂದು ವಿಷಯ: ಕೆಳಗಿನ ನಿಲ್ದಾಣದಿಂದ ಮೇಲಿನ ನಿಲ್ದಾಣದವರೆಗೆ ನಡುವೆ ಒಂದೇ ಒಂದು ಕಂಬ ಇಲ್ಲ. ನೋಡಲು ಬಹಳ ಚೆಂದ. ಆದರೆ ಕಂಬ ಇಲ್ಲದ ಹಗ್ಗಕ್ಕೆ ಅಡ್ಡಗಾಳಿ ಹೊಡೆದರೆ ಹಿಡಿದುಕೊಳ್ಳುವವರಿಲ್ಲ.

ಮೊದಲ ಕ್ಯಾಬಿನ್‌ಗಳು ಮರದವು. ಸುಮಾರು ಇಪ್ಪತ್ತು ಜನ ಹಿಡಿಸುತ್ತಿದ್ದವು. 1958ರಲ್ಲಿ, 1974ರಲ್ಲಿ ಸುಧಾರಣೆಗಳಾದವು. ದೊಡ್ಡ ಬದಲಾವಣೆ ಆದದ್ದು 1997ರಲ್ಲಿ. ತಿಂಗಳುಗಟ್ಟಲೆ ಮುಚ್ಚಿ, ಸ್ವಿಟ್ಜರ್ಲೆಂಡಿನಿಂದ ಹೊಸ ಕ್ಯಾಬಿನ್ ತಂದು ಮತ್ತೆ ಅಕ್ಟೋಬರ್ 4ರಂದೇ ತೆರೆದರು. ಈಗ ಒಂದು ಕ್ಯಾಬಿನ್ನಿಗೆ 65 ಜನ. ಗರಿಷ್ಠ ವೇಗ ಸೆಕೆಂಡಿಗೆ 10 ಮೀಟರ್. ನಾಲ್ಕೈದು ನಿಮಿಷದಲ್ಲಿ ಮೇಲಿರುತ್ತೀರಿ.

ಈ ಹೊಸ ಕ್ಯಾಬಿನ್ ಗುಂಡಗಿದೆ. ಅದರ ನೆಲ ತಿರುಗುತ್ತದೆ. ಹೊರಟು ಮುಟ್ಟುವಷ್ಟರಲ್ಲಿ ಒಂದು ಪೂರ್ತಿ ಸುತ್ತು. ಹಾಗಾಗಿ ಕಿಟಕಿ ಪಕ್ಕದ ಜಾಗಕ್ಕೆ ಜಗಳ ಇಲ್ಲ. ಎಲ್ಲರಿಗೂ ಬಂಡೆಯೂ ಕಾಣುತ್ತದೆ, ಕಡಲೂ ಕಾಣುತ್ತದೆ. ಆದರೆ ನೆಲ ಮಾತ್ರ ತಿರುಗುತ್ತದೆ, ಸುತ್ತಲಿನ ಗೋಡೆಯೂ ಅದರ ಕಂಬಿಯೂ ತಿರುಗುವುದಿಲ್ಲ. ಕ್ಯಾಬಿನ್ ಹತ್ತಿದ ಕೂಡಲೇ ಅಭ್ಯಾಸ ಬಲದಿಂದ ಕಂಬಿ ಹಿಡಿದುಕೊಂಡವರ ಗತಿ ನೋಡಬೇಕು. ಕಾಲು ಒಂದು ಕಡೆ ಹೊರಡುತ್ತದೆ, ಕೈ ಹಿಂದೆ ಉಳಿಯುತ್ತದೆ. ಕಂಬಿ ಹಿಡಿಯಬೇಡಿ ಅಂತ ಆಪರೇಟರ್ ಮೊದಲೇ ಹೇಳಿರುತ್ತಾರೆ. ಬಿಎಂಟಿಸಿ ಬಸ್ಸಿನಲ್ಲಿ ಓಡಾಡಿದ ನಮ್ಮ ಕೈ ಕೇಳಬೇಕಲ್ಲ.

ಆ ತಿರುಗುವ ನೆಲದ ಕೆಳಗೆ ಒಂದು ನೀರಿನ ಟ್ಯಾಂಕ್ ಇದೆ. ಮೂರ್ನಾಲ್ಕು ಸಾವಿರ ಲೀಟರ್ ಹಿಡಿಸುತ್ತದೆ. ಲೀಟರಿಗೆ ಒಂದು ಕೆಜಿ ಹಾಕಿದರೆ ಮೂರ್ನಾಲ್ಕು ಟನ್ ಭಾರ. ಅದು ಕ್ಯಾಬಿನ್ನಿನ ಹೊಟ್ಟೆಯಲ್ಲಿ ಇರುವುದರಿಂದ ಗಾಳಿಗೆ ಕ್ಯಾಬಿನ್ ಸುಲಭವಾಗಿ ತೂಗಾಡುವುದಿಲ್ಲ. ಜೊತೆಗೆ ಮೇಲೆ ಹೋಟೆಲ್ಲಿಗೆ, ಶೌಚಾಲಯಕ್ಕೆ ನೀರು ಬೇಕಲ್ಲ, ಅದೂ ಇದೇ ಟ್ಯಾಂಕಿನಲ್ಲಿ ಹೋಗುತ್ತದೆ. ಒಂದೇ ನೀರಿಗೆ ಎರಡು ಕೆಲಸ. ಇಡೀ ರೋಪ್‌ವೇಯಲ್ಲಿ ನನಗೆ ಜಾಸ್ತಿ ಇಷ್ಟವಾದ ಭಾಗ ಇದೇ, ತಿರುಗುವ ನೆಲ ಅಲ್ಲ. ಒಂದು ಕಾಲದಲ್ಲಿ ಬೆಟ್ಟದ ನೀರನ್ನು ಊರಿಗೆ ಇಳಿಸಲು ಹಗ್ಗ ಹಾಕಿದ್ದರು. ಈಗ ಊರಿನ ನೀರನ್ನೇ ಹಗ್ಗದ ಮೇಲೆ ಬೆಟ್ಟಕ್ಕೆ ಹತ್ತಿಸುತ್ತಿದ್ದಾರೆ!

ಇಷ್ಟೆಲ್ಲ ಮಾಡಿದ ಮೇಲೂ ಗಾಳಿ ಜೋರಾದರೆ ರೋಪ್‌ವೇ ಓಡುವುದಿಲ್ಲ. ದೊಡ್ಡ ಸಂಖ್ಯೆಯಲ್ಲಿ ಪ್ರವಾಸಿಗರು ಬರುವುದು ಡಿಸೆಂಬರ್-ಜನವರಿಯಲ್ಲಿ. ಆ ಆಗ್ನೇಯ ಗಾಳಿಯ ಕಾಲವೂ ಅದೇ. ವ್ಯಾಪಾರ ಕುದುರುವ ಹೊತ್ತಿಗೇ ಬಾಗಿಲು ಹಾಕಬೇಕು. ಕೆಳಗೆ ಊರಿನಲ್ಲಿ ನೀಲಿ ಆಕಾಶ, ಬಿಸಿಲು, ಎಲೆ ಅಲುಗಾಡುತ್ತಿಲ್ಲ. ಆದರೂ ಟಿಕೆಟ್ ಕೌಂಟರಿನ ಮುಂದೆ 'ಮುಚ್ಚಿದೆ' ಅನ್ನುವ ಫಲಕ. ಪ್ರವಾಸಿಗೆ ಸಿಟ್ಟು ಬರುತ್ತದೆ. ಅವನು ನೋಡುತ್ತಿರುವುದು ಬುಡದ ಗಾಳಿ, ಆಪರೇಟರ್ ನೋಡುತ್ತಿರುವುದು ತುದಿಯ ಗಾಳಿ.

ಮೇಲೆ ಇರುವಾಗ ಹವೆ ಕೆಟ್ಟರೆ? ಒಂದು ಹೂಟರ್ ಕೂಗುತ್ತದೆ. ಕೂಗಿದರೆ ಮುಗಿಯಿತು. ಫೋಟೋ, ಕಾಫಿ, ಬಂಡೆಯ ಮೇಲೆ ಬಿಸಿಲು ಕಾಯಿಸುತ್ತಿರುವ ಡಾಸಿಗಳು, ಎಲ್ಲ ಬಿಟ್ಟು ನಿಲ್ದಾಣಕ್ಕೆ ವಾಪಸ್ ಬರಬೇಕು. ಡಾಸಿ ಅಂದರೆ ಮೊಲದಷ್ಟು ದೊಡ್ಡ ಒಂದು ಪ್ರಾಣಿ. ನೋಡಲು ಇಲಿಯ ಕಡೆಯದ್ದು ಅನಿಸುತ್ತದೆ, ನೆಂಟಸ್ತಿಕೆ ಆನೆಯ ಜೊತೆ. ಅವಕ್ಕೆ ಹೂಟರ್ ಲೆಕ್ಕಕ್ಕಿಲ್ಲ. ಮನುಷ್ಯರು ತಡಮಾಡಿದರೆ ಕೊನೆಯ ಕ್ಯಾಬಿನ್ ಹೊರಟು ಹೋಗಬಹುದು. ಆಮೇಲೆ ಉಳಿಯುವುದು ಪ್ಲಾಟೆಕ್ಲಿಪ್ ಕಂದರದ ಕಲ್ಲಿನ ಮೆಟ್ಟಿಲು ದಾರಿ, ಮಂಡಿಯ ಮೇಲೆ ಗಂಟೆಗಟ್ಟಲೆ ಇಳಿತ. ನಡೆದು ಹತ್ತಿ ರೋಪ್‌ವೇಯಲ್ಲಿ ಇಳಿಯೋಣ ಅಂದುಕೊಂಡವರಿಗೂ ಇದೇ ಗತಿ. ಹತ್ತುವಾಗ ತೆರೆದಿರುತ್ತದೆ, ಹತ್ತಿ ಮುಗಿಸುವಷ್ಟರಲ್ಲಿ ಮುಚ್ಚಿರುತ್ತದೆ.

ಇದಲ್ಲದೆ ವರ್ಷಕ್ಕೊಮ್ಮೆ, ಜುಲೈ-ಆಗಸ್ಟ್ ಚಳಿಗಾಲದಲ್ಲಿ, ರಿಪೇರಿಗೆ ಅಂತಲೇ ಪೂರ್ತಿ ಮುಚ್ಚುತ್ತಾರೆ. ಹಗ್ಗ, ಗಾಲಿ, ಬ್ರೇಕು ಎಲ್ಲದರ ತಪಾಸಣೆ. ಉಕ್ಕಿನ ಹಗ್ಗದ ಒಳಗಿನ ಎಳೆ ತುಂಡಾಗಿದ್ದರೆ ಕಣ್ಣಿಗೆ ಕಾಣುವುದಿಲ್ಲ. ಅದನ್ನು ಕಾಂತದ ಉಪಕರಣದಿಂದ ಹುಡುಕಬೇಕು. ಅವಸರದಲ್ಲಿ ಮಾಡುವ ಕೆಲಸ ಅಲ್ಲ.

ನಮ್ಮ ದೇಶದ ಒಂದು ಘಟನೆ ಇಲ್ಲಿ ನೆನಪಾಗುತ್ತದೆ. 2017ರ ಜೂನ್‌ನಲ್ಲಿ ಗುಲ್ಮಾರ್ಗದಲ್ಲಿ ಜೋರು ಗಾಳಿಗೆ ಮರ ಬುಡಮೇಲಾಗಿ ಹಗ್ಗದ ಮೇಲೆ ಬಿತ್ತು. ಆ ದುರಂತದಲ್ಲಿ ಏಳು ಜನ ತೀರಿಕೊಂಡರು. ಗಾಳಿ ಕ್ಯಾಬಿನ್ನನ್ನೇ ಹೊಡೆಯಬೇಕಂತಿಲ್ಲ, ಪಕ್ಕದ ಮರವನ್ನು ಹೊಡೆದರೂ ಸಾಕು.

ಹಾಗಾಗಿ ಕೊಲ್ಲೂರಿನಿಂದ ಕೊಡಚಾದ್ರಿಗೆ ರೋಪ್‌ವೇ ಅನ್ನುವ ಪ್ರಸ್ತಾಪ ಓದಿದಾಗ ನನ್ನ ತಲೆಯಲ್ಲಿ ಬರುವ ಪ್ರಶ್ನೆ ಎಷ್ಟು ಕೋಟಿ ಅನ್ನುವುದಲ್ಲ. ಕಡಲ ಕಡೆ ಮುಖ ಮಾಡಿದ ಬೆಟ್ಟ ಅದು. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಅಲ್ಲಿನ ಮಳೆ, ಗಾಳಿ, ಮಂಜು ಹೇಗಿರುತ್ತದೆ ಅಂತ ಹೋದವರಿಗೆ ಗೊತ್ತು. ವರ್ಷದಲ್ಲಿ ಎಷ್ಟು ದಿನ ಮುಚ್ಚಿರುತ್ತದೆ? ಮುಚ್ಚು ಅಂತ ಹೇಳುವ ಅಧಿಕಾರ ಯಾರ ಕೈಯಲ್ಲಿ? ಅವತ್ತು ಬಾಗಿಲಲ್ಲಿ ನಿಂತಿರುವವರು ದೊಡ್ಡ ಮನುಷ್ಯರಾಗಿದ್ದರೆ? ಈಗ ಜೀಪು ಓಡಿಸುವ ಡ್ರೈವರ್ ದಾರಿ ಕೆಟ್ಟಿದ್ದರೆ ಆಗಲ್ಲ ಸ್ವಾಮಿ ಅಂತ ಮುಖಕ್ಕೆ ಹೇಳುತ್ತಾನೆ. ಮೂಕಾಂಬಿಕಾ ಅಭಯಾರಣ್ಯದ ಕಾಡು, ಆ ಜೀಪಿನವರ ಹೊಟ್ಟೆಪಾಡು ಬೇರೆ ಚರ್ಚೆ. ಅವೂ ದೊಡ್ಡವೇ.

ಮಾತು ಮುಗಿಸಿದ ಮೇಲೆ ಬಂದ ಪ್ರಶ್ನೆಗಳಲ್ಲಿ ಮೂರನ್ನು ಇಲ್ಲಿ ಕೊಡುತ್ತಿದ್ದೇನೆ.

ಒಬ್ಬ ಹುಡುಗಿ ಕೇಳಿದಳು: "ಸರ್, ಮಧ್ಯದಲ್ಲಿ ಕರೆಂಟ್ ಹೋದರೆ?"

ಕರೆಂಟ್ ಹೋದ ಕೂಡಲೇ ಬ್ರೇಕು ತಾನಾಗಿ ಬೀಳುತ್ತದೆ. ರೋಪ್‌ವೇಗಳ ಬ್ರೇಕನ್ನು ಹಾಗೇ ಮಾಡಿರುತ್ತಾರೆ: ಬಿಡಿಸಿ ಹಿಡಿಯಲು ಶಕ್ತಿ ಬೇಕು, ಶಕ್ತಿ ಹೋದರೆ ಕಚ್ಚಿಕೊಳ್ಳುತ್ತದೆ. ಆಮೇಲೆ ಬದಲಿ ಎಂಜಿನ್ನಿನಿಂದ ನಿಧಾನವಾಗಿ ಕ್ಯಾಬಿನ್‌ಗಳನ್ನು ನಿಲ್ದಾಣಕ್ಕೆ ತರುತ್ತಾರೆ. ಎರಡೇ ಕ್ಯಾಬಿನ್ ಇರುವುದರ ಅನುಕೂಲ ಇಲ್ಲಿ ಗೊತ್ತಾಗುತ್ತದೆ. ಒಂದು ಮೇಲೆ ಮುಟ್ಟಿದರೆ ಇನ್ನೊಂದು ಕೆಳಗೆ ಮುಟ್ಟಿದೆ ಅಂತಲೇ ಲೆಕ್ಕ. ಹತ್ತಾರು ಕ್ಯಾಬಿನ್ ನೇತಾಡುತ್ತಿದ್ದರೆ ಕೆಲಸ ಕಷ್ಟ. 2022ರ ಏಪ್ರಿಲ್‌ನಲ್ಲಿ ಜಾರ್ಖಂಡಿನ ತ್ರಿಕೂಟ ಬೆಟ್ಟದ ರೋಪ್‌ವೇಯಲ್ಲಿ ಸಿಕ್ಕಿಕೊಂಡವರನ್ನು ಇಳಿಸಲು ವಾಯುಸೇನೆಯ ಹೆಲಿಕಾಪ್ಟರ್ ಬರಬೇಕಾಯಿತು.

ಹಿರಿಯರೊಬ್ಬರು ಕೇಳಿದರು: "ಅಲ್ರೀ, ಅಷ್ಟು ಜನ ಹತ್ತಿದರೆ ಬೆಟ್ಟ ಹಾಳಾಗಲ್ವಾ?"

ಆಗುತ್ತದೆ, ಹಿಡಿತ ಇಲ್ಲದಿದ್ದರೆ. ಅದು ಈಗ ರಾಷ್ಟ್ರೀಯ ಉದ್ಯಾನ. ಸುತ್ತಲಿನ ಸಸ್ಯಸಂಪತ್ತಿಗೆ 2004ರಲ್ಲಿ ಯುನೆಸ್ಕೊ ಪಟ್ಟಿಯಲ್ಲಿ ಜಾಗ ಸಿಕ್ಕಿದೆ. ಮೇಲೆ ನಡೆಯಲು ದಾರಿ ಗುರುತು ಮಾಡಿದ್ದಾರೆ. ರೋಪ್‌ವೇಯ ಒಂದು ಒಳ್ಳೆಯ ಗುಣ ಅಂದರೆ ಕಾರು ಮೇಲೆ ಹೋಗುವುದಿಲ್ಲ. ಕಾರು ಹೋಗದ ಕಡೆ ಪಾರ್ಕಿಂಗ್ ಇಲ್ಲ, ಪಾರ್ಕಿಂಗ್ ಇಲ್ಲದ ಕಡೆ ಅಂಗಡಿ ಸಾಲು ಬೆಳೆಯುವುದು ಕಷ್ಟ. ಕಾರೂ ಹೋಗಲಿ, ರೋಪ್‌ವೇಯೂ ಇರಲಿ ಅಂದರೆ ನನ್ನ ಬಳಿ ಉತ್ತರ ಇಲ್ಲ.

ಕೊನೆಗೆ, ಮಗ ಕೇಪ್‌ಟೌನಿನಲ್ಲಿ ಕೆಲಸಕ್ಕಿರುವ ಅಮ್ಮ ಒಬ್ಬರು ಕೇಳಿದರು: "ನಾವು ಡಿಸೆಂಬರಿಗೆ ಹೋಗ್ತಿದ್ದೀವಿ. ಯಾವ ದಿನ ಇಟ್ಟುಕೊಳ್ಳೋದು?"

ದಿನ ಇಟ್ಟುಕೊಳ್ಳಬೇಡಿ, ಅಮ್ಮಾ. ಊರು ಮುಟ್ಟಿದ ಮೇಲೆ ಬೆಳಗ್ಗೆ ಎದ್ದು ಫೋನಿನಲ್ಲಿ ರೋಪ್‌ವೇ ತೆರೆದಿದೆಯಾ ಅಂತ ನೋಡಿ. ತೆರೆದಿದ್ದರೆ ಬೇರೆ ಕೆಲಸ ಬಿಟ್ಟು ಅವತ್ತೇ ಹೋಗಿ. ಕೊನೆಯ ದಿನಕ್ಕೆ ಮಾತ್ರ ಇಡಬೇಡಿ. ಆದಷ್ಟು ಬೆಳಗ್ಗೆ ಹೋದರೆ ಕ್ಯೂ ಕಡಿಮೆ. ಬೇಸಿಗೆಯಾದರೂ ಒಂದು ಸ್ವೆಟರ್ ತಗೊಳ್ಳಿ. ಮತ್ತೆ ಕ್ಯಾಬಿನ್ನಿನಲ್ಲಿ ಕಂಬಿ ಹಿಡಿಯಬೇಡಿ.